ಪೆನ್ನಿನ ನಂಬರ್ ಬಿಡಿ, ಕರ್ವ್ ತೆರೆದು ನೋಡಿ

"ಮೇಡಂ, 4096 ಲೆವೆಲ್ ಇರೋ ಪೆನ್ ತಗೊಳ್ಳಲಾ, 8192 ಇರೋದು ತಗೊಳ್ಳಲಾ?" ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸುವುದನ್ನು ಕಲಿಯಲು ಬರುವವರು ಮೊದಲು ಕೇಳುವುದು ಇದನ್ನೇ. ಬಹಳ ಜನ ದೊಡ್ಡ ನಂಬರಿನ ಪೆನ್ನನ್ನೇ ಕೊಳ್ಳುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಅವರೇ ಫೋನ್ ಮಾಡುತ್ತಾರೆ. "ಗೆರೆ ಸರಿಯಾಗಿ ಬರ್ತಿಲ್ಲ, ಪೆನ್ನೇ ಕೆಟ್ಟಿದೆ ಅನ್ಸುತ್ತೆ." ಪ್ರೆಶರ್ ಕರ್ವ್ ಬದಲಾಯಿಸಿ ನೋಡಿದಿರಾ ಅಂತ ನಾನು ಕೇಳುತ್ತೇನೆ. "ಹಾಗಂದ್ರೇನು?" ಅನ್ನುತ್ತಾರೆ.

ಫೋನಿನಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ. ಕೈಯ ಒತ್ತಿನಲ್ಲಿ ಎಷ್ಟು ಬ್ರಷ್‌ಗೆ ತಲುಪಬೇಕು ಅಂತ ಹೇಳುವ ಸೆಟ್ಟಿಂಗೇ ಪ್ರೆಶರ್ ಕರ್ವ್.

ಮೊದಲು ನಂಬರಿನ ವಿಷಯ ಮುಗಿಸೋಣ. 8192 ಲೆವೆಲ್ ಅಂದರೆ, ತೀರಾ ಹಗುರವಾದ ಒತ್ತಿನಿಂದ ಪೆನ್ ಗುರುತಿಸಬಲ್ಲ ಕೊನೆಯ ಒತ್ತಿನವರೆಗೆ ಅಷ್ಟು ಮೆಟ್ಟಿಲು ಮಾಡಿದ್ದಾರೆ ಅಂತ ಅರ್ಥ. 20 ಪಿಕ್ಸೆಲ್ ದಪ್ಪದ ಬ್ರಷ್ ಹಿಡಿದಿದ್ದೀರಿ ಅಂದುಕೊಳ್ಳಿ. ಆಗ ಒಂದೊಂದು ಮೆಟ್ಟಿಲಿಗೆ ಗೆರೆಯ ದಪ್ಪ ಬದಲಾಗುವುದು ಒಂದು ಪಿಕ್ಸೆಲ್‌ನ ಸುಮಾರು 400ನೇ ಒಂದು ಭಾಗ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಒತ್ತಿಗೆ ತಕ್ಕಂತೆ ಬಣ್ಣ ಗಾಢವಾಗುವ ಬ್ರಷ್ ಆದರೂ ಅಷ್ಟೇ. ನಾವು ಸಾಮಾನ್ಯವಾಗಿ ಬಳಸುವ 8 ಬಿಟ್ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಇರುವುದೇ 256 ಹಂತ. ಹಾಗಂತ ದೊಡ್ಡ ನಂಬರು ಪೂರ್ತಿ ವ್ಯರ್ಥ ಅಂತ ಹೇಳುತ್ತಿಲ್ಲ. ಕರ್ವನ್ನು ತುಂಬಾ ಬಗ್ಗಿಸಿದಾಗ, ತುಂಬಾ ದೊಡ್ಡ ಬ್ರಷ್ ಬಳಸಿದಾಗ ಹೆಚ್ಚು ಮೆಟ್ಟಿಲು ಇದ್ದರೆ ಗೆರೆ ನಯವಾಗಿ ಬರಬಹುದು. ಆದರೆ ನಿಮ್ಮ ಗೆರೆ ಸರಿ ಬರದಿರುವುದಕ್ಕೆ ಕಾರಣ ಅದಲ್ಲ.

ಲೆವೆಲ್‌ಗಿಂತ ಮುಖ್ಯವಾದದ್ದು, ಪೆನ್ ಎಷ್ಟು ಹಗುರವಾದ ಒತ್ತಿಗೆ ಎಚ್ಚರವಾಗುತ್ತದೆ ಅನ್ನುವುದು. ಡಬ್ಬಿಯ ಮೇಲೆ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ನೀವೇ ನೋಡಬಹುದು. ಪೆನ್ನನ್ನು ನೆಟ್ಟಗೆ, ಸಡಿಲವಾಗಿ ಹಿಡಿದು, ಅದರ ಭಾರದಲ್ಲೇ ಸ್ಕ್ರೀನ್ ಮೇಲೆ ಜಾರಿಸಿ. ತೆಳುವಾದ ಗೆರೆ ಬಂದರೆ ಪೆನ್ ಚೆನ್ನಾಗಿದೆ. ಏನೂ ಬರದೆ, ಸ್ವಲ್ಪ ಒತ್ತಿದ ಕೂಡಲೇ ಗಕ್ಕನೆ ದಪ್ಪ ಗೆರೆ ಶುರುವಾದರೆ ಒಂದೋ ಪೆನ್ ಒರಟು, ಇಲ್ಲವೇ ಕರ್ವ್ ಸರಿ ಇಲ್ಲ.

ಈಗ ಕರ್ವ್. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ, ಟ್ಯಾಬ್ಲೆಟ್ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಕರ್ವ್ ಸೆಟ್ಟಿಂಗ್ ತೆರೆದರೆ ಒಂದು ಚೌಕ ಇರುತ್ತದೆ. ಅದರ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ಓರೆಯಾಗಿ ಒಂದು ಗೆರೆ. ಅಡ್ಡಕ್ಕೆ ಇರುವುದು ನಿಮ್ಮ ಕೈಯ ಒತ್ತು. ಉದ್ದಕ್ಕೆ ಇರುವುದು ಬ್ರಷ್‌ಗೆ ತಲುಪುವ ಒತ್ತು. ಗೆರೆ ನೇರವಾಗಿದ್ದರೆ ಕೈ ಅರ್ಧ ಒತ್ತಿದಾಗ ಬ್ರಷ್‌ಗೂ ಅರ್ಧ ಸಿಗುತ್ತದೆ. ಗೆರೆಯ ನಡುವೆ ಬೆರಳಿಟ್ಟು ಮೇಲಕ್ಕೆ ಎಳೆದರೆ, ಸ್ವಲ್ಪ ಒತ್ತಿದರೂ ಬ್ರಷ್‌ಗೆ ಜಾಸ್ತಿ ಸಿಗುತ್ತದೆ. ಹಗುರ ಕೈಯವರಿಗೆ ಇದು ಬೇಕು. ಕೆಳಕ್ಕೆ ಎಳೆದರೆ, ದಪ್ಪ ಗೆರೆ ಬರಲು ಚೆನ್ನಾಗಿ ಒತ್ತಬೇಕಾಗುತ್ತದೆ. ಮುಟ್ಟಿದ್ದೆಲ್ಲ ದಪ್ಪ ಬರುತ್ತಿದೆ ಅನ್ನುವ ಭಾರದ ಕೈಯವರಿಗೆ ಇದು. ಪ್ರೊಕ್ರಿಯೇಟ್, ಕ್ಲಿಪ್ ಸ್ಟುಡಿಯೋ ಪೇಂಟ್, ಕ್ರೀಟಾ, ಈ ಮೂರು ಚಿತ್ರ ಬಿಡಿಸುವ ಆಪ್‌ಗಳಲ್ಲೂ ಇದು ಸೆಟ್ಟಿಂಗ್ಸ್ ಒಳಗೆ ಇದೆ. ವಾಕಾಮ್ ಟ್ಯಾಬ್ಲೆಟ್ ಆದರೆ ಅದರದೇ ಸೆಟ್ಟಿಂಗ್ಸ್‌ನಲ್ಲೂ ಟಿಪ್ ಫೀಲ್ ಅಂತ ಸಿಗುತ್ತದೆ.

ಕಂಪನಿಯವರು ಕೊಡುವ ಕರ್ವ್ ಯಾರ ಕೈಗೂ ಅಳತೆ ತೆಗೆದು ಮಾಡಿದ್ದಲ್ಲ. ಎಲ್ಲರಿಗೂ ಒಂದು ಮಟ್ಟಕ್ಕೆ ಆಗಲಿ ಅಂತ ಇಟ್ಟಿರುತ್ತಾರೆ. ಅದನ್ನು ಬದಲಾಯಿಸಿದರೆ ಪೆನ್ ಹಾಳಾಗುತ್ತದೇನೋ ಅನ್ನುವ ಭಯ ಎಷ್ಟೋ ಜನರಿಗಿದೆ. ಏನೂ ಆಗುವುದಿಲ್ಲ. ಬೇಡ ಅನ್ನಿಸಿದರೆ ಮೊದಲಿದ್ದ ಹಾಗೆ ಮಾಡಿಕೊಳ್ಳಬಹುದು.

ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಜೀವನವಿಡೀ ಕುಂಚ, ಇಂಡಿಯನ್ ಇಂಕ್ ಹಿಡಿದ ಕೈ. ಪೆನ್ನನ್ನು ಸ್ಕ್ರೀನ್‌ಗೆ ತಾಗಿಸಿಯೂ ತಾಗಿಸದ ಹಾಗೆ ಎಳೆಯುತ್ತಿದ್ದರು. ಗೆರೆ ಕೂದಲಿನಷ್ಟೇ ತೆಳ್ಳಗೆ ಬರುತ್ತಿತ್ತು. ದಪ್ಪ ಬರಲಿ ಅಂತ ಒತ್ತಲು ಹೋದರೆ ಕೈ ನಡುಗಿ ಗೆರೆ ಸೊಟ್ಟಗಾಗುತ್ತಿತ್ತು. "ವಯಸ್ಸಾಯ್ತಮ್ಮ, ಕೈ ಹಿಡಿತ ಹೋಯ್ತು" ಅಂದರು. ನನಗೆ ತುಂಬಾ ಬೇಜಾರಾಯಿತು. ಅವರ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ಕರ್ವಿನ ನಡುಭಾಗವನ್ನು ಮೇಲಕ್ಕೆತ್ತಿದೆ. ಬಲತುದಿಯ ಬಿಂದುವನ್ನು ಎಡಕ್ಕೆ ಸರಿಸಿದೆ. ಹಾಗೆ ಮಾಡಿದರೆ ಕೈಯ ಪೂರ್ತಿ ಬಲ ಹಾಕುವ ಮೊದಲೇ ಬ್ರಷ್‌ಗೆ ನೂರಕ್ಕೆ ನೂರು ಸಿಗುತ್ತದೆ. "ಸರ್, ಈಗ ಕುಂಚ ಹಿಡಿದ ಹಾಗೇ ಎಳೀರಿ" ಅಂದೆ. ಅವರು ಒಂದು ಕುದುರೆಯ ಬೆನ್ನು ಎಳೆದರು. ಕತ್ತಿನ ಹತ್ತಿರ ತೆಳ್ಳಗೆ ಶುರುವಾದ ಗೆರೆ ಹಿಂಭಾಗದ ಉಬ್ಬಿನಲ್ಲಿ ದಪ್ಪವಾಗಿ, ಬಾಲದ ಬುಡದಲ್ಲಿ ಮತ್ತೆ ಸಣ್ಣಗಾಯಿತು. ಪುಣ್ಯಕ್ಕೆ ಅವರು ಹೊಸ ಪೆನ್ ಕೊಳ್ಳುವ ಮೊದಲೇ ಕೇಳಿದರು.

ಇದಕ್ಕೆ ತದ್ವಿರುದ್ಧ ಒಬ್ಬ ಕಾಲೇಜು ಹುಡುಗ. ಅವನ ಪೆನ್ನಿನ ನಿಬ್ ಒಂದು ಕಡೆ ಸವೆದು ಉಳಿಯ ತುದಿಯ ಹಾಗೆ ಚಪ್ಪಟೆಯಾಗಿತ್ತು. "ಗಟ್ಟಿಯಾಗಿ ಒತ್ತಿದರೆ ಇನ್ನೂ ಕಪ್ಪು ಬರುತ್ತೆ ಅಲ್ವಾ ಮೇಡಂ?" ಅಂತ ಕೇಳಿದ. ಬರುವುದಿಲ್ಲ. ಪೆನ್ಸಿಲ್ ಅಭ್ಯಾಸ ಇದ್ದವರೆಲ್ಲ ಇಲ್ಲಿ ಎಡವುತ್ತಾರೆ. ಒತ್ತನ್ನು ಅಳೆಯುವುದು ಗಾಜಲ್ಲ, ಪೆನ್ನು. ವಾಕಾಮ್ ಪೆನ್, ಸ್ಯಾಮ್‌ಸಂಗ್‌ನ ಎಸ್ ಪೆನ್ ಇವುಗಳಲ್ಲಿ ಒತ್ತು ಅಳೆಯುವುದಕ್ಕೆ ಬ್ಯಾಟರಿ ಕೂಡ ಬೇಕಿಲ್ಲ. ಸ್ಕ್ರೀನ್ ಕೆಳಗಿನ ಹಾಳೆಯಿಂದ ಬರುವ ಕಾಂತಕ್ಷೇತ್ರದಲ್ಲೇ ಅವು ಕೆಲಸ ಮಾಡುತ್ತವೆ. ಯಾವ ಪೆನ್ ಆದರೂ ಅದರ ಕೊನೆಯ ಮೆಟ್ಟಿಲು ಮುಟ್ಟಿದ ಮೇಲೆ ಇನ್ನೆಷ್ಟು ಒತ್ತಿದರೂ ಪೆನ್ನಿಗೆ ಗೊತ್ತಾಗುವುದಿಲ್ಲ. ಸವೆಯುವುದು ನಿಬ್, ನೋಯುವುದು ಬೆರಳು.

ಅವನಿಗೆ ಕರ್ವನ್ನು ಕೆಳಕ್ಕೆ ಎಳೆದು ಕೊಟ್ಟೆ. ಗೆರೆಗಳು ಹಿಡಿತಕ್ಕೆ ಬಂದವು. ಆದರೆ ಕೈನೋವು ಇದ್ದವರು ಹೀಗೆ ಮಾಡಬೇಡಿ. ನೋಯುವಷ್ಟು ಒತ್ತುತ್ತಿದ್ದೀರಿ ಅಂದರೆ ನಿಮಗೆ ಕರ್ವ್ ಮೇಲಕ್ಕೆ ಹೋಗಬೇಕು, ಕೈ ಹಗುರ ಮಾಡುವುದನ್ನು ಕಲಿಯಬೇಕು. ನಾನು ಡಾಕ್ಟರ್ ಅಲ್ಲ. ಮಣಿಕಟ್ಟು ನೋವು, ಬೆರಳು ಜೋಮು ಹಿಡಿಯುವುದು ಬಿಡದೆ ಕಾಡುತ್ತಿದ್ದರೆ ಸೆಟ್ಟಿಂಗ್ಸ್ ತಿದ್ದುತ್ತಾ ಕೂರಬೇಡಿ, ತೋರಿಸಿಕೊಳ್ಳಿ.

ಇನ್ನೊಂದು ಗೊಂದಲ ಇದೆ. ಕರ್ವ್ ಒಂದೇ ಕಡೆ ಇರುವುದಿಲ್ಲ. ಟ್ಯಾಬ್ಲೆಟ್‌ನ ಡ್ರೈವರ್‌ನಲ್ಲಿ, ಅಂದರೆ ಟ್ಯಾಬ್ಲೆಟ್ ಕೆಲಸ ಮಾಡಲು ಕಂಪ್ಯೂಟರಿಗೆ ಹಾಕುವ ಸಾಫ್ಟ್‌ವೇರ್‌ನಲ್ಲಿ, ಒಂದಿರಬಹುದು. ಆಪ್‌ನಲ್ಲಿ ಒಂದು. ಬ್ರಷ್‌ಗೇ ಬೇರೆ ಒಂದು. ಒಂದೇ ಪೈಪಿಗೆ ಸಾಲಾಗಿ ಮೂರು ನಲ್ಲಿ ಹಾಕಿದ ಹಾಗೆ. ಮೊದಲನೆಯದನ್ನು ಅರ್ಧ ತಿರುಗಿಸಿಟ್ಟು ಮೂರನೆಯದನ್ನು ಎಷ್ಟು ಬಿಟ್ಟರೂ ನೀರು ಅಷ್ಟೇ. ಎಲ್ಲ ಬ್ರಷ್‌ನಲ್ಲೂ ತೊಂದರೆ ಇದ್ದರೆ ಆಪ್‌ನದ್ದನ್ನು ತಿದ್ದಿ. ಒಂದೇ ಬ್ರಷ್‌ನಲ್ಲಿ ಇದ್ದರೆ ಆ ಬ್ರಷ್ ಮಾತ್ರ ತಿದ್ದಿ. ಬೇರೆ ಬೇರೆ ಆಪ್ ಬಳಸುವವರು, ಎಲ್ಲದರಲ್ಲೂ ಒಂದೇ ತೊಂದರೆ ಅನ್ನಿಸಿದರೆ ಮಾತ್ರ ಡ್ರೈವರ್‌ಗೆ ಕೈ ಹಾಕಿ. ಮೂರನ್ನೂ ಒಂದೇ ದಿನ ತಿದ್ದಲು ಹೋಗಬೇಡಿ. ಯಾವುದರಿಂದ ಏನಾಯಿತು ಅಂತ ಆಮೇಲೆ ಗೊತ್ತೇ ಆಗುವುದಿಲ್ಲ.

ತಿದ್ದುವಾಗ ಸುಮ್ನೆ ಸುರುಳಿ ಗೀಚಿ ನೋಡಿದರೆ ಸಾಲದು. ಪರೀಕ್ಷೆ ಅಂತ ಗೊತ್ತಾದ ಕೂಡಲೇ ಕೈ ನಿಧಾನವಾಗುತ್ತದೆ, ಒತ್ತೂ ಬದಲಾಗುತ್ತದೆ. ನೀವು ದಿನವೂ ಬಿಡಿಸುವುದನ್ನೇ ಬಿಡಿಸಿ. ಹುಬ್ಬು, ಕೂದಲು, ಬಟ್ಟೆಯ ನೆರಿಗೆ, ಯಾವುದಾದರೂ ಸರಿ. ನಿಮ್ಮ ಮಾಮೂಲಿ ವೇಗದಲ್ಲಿ ಎಳೆಯಿರಿ. ಆಮೇಲೆ ದೊಡ್ಡದು ಮಾಡಿ ನೋಡಿ. ಗೆರೆಯ ಶುರುವಿನಲ್ಲೇ ಗುಂಡಗೆ ಬೊಟ್ಟು ಬಿದ್ದಿದ್ದರೆ ಕರ್ವಿನ ಎಡತುದಿ ಜಾಸ್ತಿ ಕಡಿದಾಗಿದೆ. ಮುಕ್ಕಾಲು ಭಾಗ ಒಂದೇ ದಪ್ಪ ಇದ್ದು ತುದಿ ಮಾತ್ರ ಚೂಪಾಗಿದ್ದರೆ ನೀವು ಬೇಗನೆ ಕೊನೆಯ ಮೆಟ್ಟಿಲು ಮುಟ್ಟುತ್ತಿದ್ದೀರಿ, ಸ್ವಲ್ಪ ಕೆಳಕ್ಕೆ ಎಳೆಯಿರಿ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎಲ್ಲ ಸ್ಟೈಲಸ್‌ಗೂ ಒತ್ತು ಗೊತ್ತಾಗುವುದಿಲ್ಲ. ರಬ್ಬರ್ ತುದಿಯ ಮಾಮೂಲಿ ಸ್ಟೈಲಸ್ ಅಂದರೆ ಬೆರಳಿನ ಬದಲು ಒಂದು ಕಡ್ಡಿ, ಅಷ್ಟೇ. 2015ರಲ್ಲಿ ಬಂದ ಮೊದಲ ಆಪಲ್ ಪೆನ್ಸಿಲ್‌ನಲ್ಲಿ ಪ್ರೆಶರ್ ಇತ್ತು. ಆದರೆ 2023ರಲ್ಲಿ ಬಂದ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ನಲ್ಲಿ ಇಲ್ಲ. ಪೆನ್ ವಾಲಿಸಿದರೆ ಅದಕ್ಕೆ ಗೊತ್ತಾಗುತ್ತದೆ, ಒತ್ತಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಶೇಡಿಂಗ್ ಬರುತ್ತದೆ, ಗೆರೆ ಮಾತ್ರ ಎಲ್ಲ ಕಡೆ ಒಂದೇ ದಪ್ಪ. ಅದನ್ನು ಕೊಂಡು ಕರ್ವ್ ತಿದ್ದಿ ತಿದ್ದಿ ಸುಸ್ತಾದವರು ನನಗೆ ಗೊತ್ತು. ಹೊಸದಾಗಿ ಕೊಳ್ಳುವಾಗ ನಿಮ್ಮ ಟ್ಯಾಬ್ಲೆಟ್‌ಗೆ ಯಾವ ಪೆನ್ ಹೊಂದುತ್ತದೆ, ಅದರಲ್ಲಿ ಪ್ರೆಶರ್ ಇದೆಯಾ, ಇವೆರಡನ್ನು ಮೊದಲು ಕೇಳಿ.

ಪೇಪರ್‌ನಂತೆ ಒರಟಾಗಿರುವ ಫಿಲ್ಮ್ ಅಂಟಿಸಿದರೆ ನಿಬ್ ಬೇಗ ಸವೆಯುತ್ತದೆ, ಕೈಗೆ ತಡೆಯೂ ಜಾಸ್ತಿ ಸಿಗುತ್ತದೆ. ಆದ್ದರಿಂದ ಫಿಲ್ಮ್ ಹಾಕಿದ ಮೇಲೆ ಕರ್ವನ್ನು ಇನ್ನೊಮ್ಮೆ ನೋಡಿ. ಮನೆಯಲ್ಲಿ ಒಂದೇ ಟ್ಯಾಬ್ಲೆಟ್ ಅಕ್ಕ-ತಂಗಿ ಇಬ್ಬರ ಕೈಯಲ್ಲೂ ಓಡಾಡುತ್ತಿದ್ದರೆ ಇಬ್ಬರ ಕರ್ವೂ ಬೇರೆ ಬೇರೆ. ಸರಿ ಹೊಂದಿದ ದಿನ ಅದರ ಸ್ಕ್ರೀನ್‌ಶಾಟ್ ತೆಗೆದು ಹೆಸರು ಬರೆದು ಇಟ್ಟುಕೊಳ್ಳಿ. ಆಪ್ ತೆಗೆದು ಮತ್ತೆ ಹಾಕಿದಾಗ ಸೆಟ್ಟಿಂಗ್ಸ್ ಎಷ್ಟೋ ಸಲ ಅಳಿಸಿ ಹೋಗಿರುತ್ತವೆ.