ರಫ್ತು ಉತ್ತೇಜನ: ಅಗ್ಗ ಮಾಡುವುದಕ್ಕೆ ಬೇರೆ ಹೆಸರಿದೆ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು: 'ಗೋಧಿ ರಫ್ತಿಗೆ ಉತ್ತೇಜನ'. ಕೆಳಗೆ ಓದಿದರೆ ಇದ್ದದ್ದು ಸುಂಕ ಇಳಿಸಿದ ಸುದ್ದಿ. ಹಿಂದೊಮ್ಮೆ ಇದೇ ತಲೆಬರಹದ ಕೆಳಗೆ ಸಾಗಣೆ ಸಬ್ಸಿಡಿ ಇತ್ತು. ಅದಕ್ಕೂ ಮುಂಚೆ ನಿಷೇಧ ತೆಗೆದ ಸುದ್ದಿ. ಹಾಕಿದ್ದ ಅಗುಳಿ ತೆಗೆದ ಮಾತ್ರಕ್ಕೆ ನೆಂಟರನ್ನು ಊಟಕ್ಕೆ ಕರೆದ ಹಾಗಾಗುವುದಿಲ್ಲ, ಅಲ್ವಾ?

ಮೊದಲು ಪದಗಳನ್ನೇ ಬಿಡಿಸಿ ನೋಡೋಣ. 'ರಫ್ತು' ಪರ್ಷಿಯನ್ನಿನಿಂದ ಬಂದದ್ದು. ಅಲ್ಲಿ 'ರಫ್ತ್' ಅಂದರೆ 'ಹೋಯಿತು', 'ಆಮದ್' ಅಂದರೆ 'ಬಂತು'. ಎರಡನ್ನೂ ಸೇರಿಸಿ 'ಆಮದ್-ಓ-ರಫ್ತ್' ಅಂದರೆ ಸುಮ್ನೆ ಹೋಗಿ ಬರುವುದು, ಓಡಾಟ. ಅಂದರೆ ರಫ್ತು ಎಂಬ ಮಾತಿನೊಳಗೆ ಮಾರಾಟವೂ ಇಲ್ಲ, ಕೊಳ್ಳುವವನೂ ಇಲ್ಲ. ಸರಕು ಹೋಯಿತು, ಅಷ್ಟೇ. ಹಡಗು ಬಂದರು ಬಿಟ್ಟ ಕೂಡಲೇ ಕೈ ತೊಳೆದುಕೊಳ್ಳುವವರಿಗೆ ಹೇಳಿ ಮಾಡಿಸಿದ ಪದ.

ಕೊಳ್ಳುವವನನ್ನು ಒಳಗೆ ತರುವುದು 'ಉತ್ತೇಜನ'. ಇದರ ಬೇರು ಸಂಸ್ಕೃತದ 'ತಿಜ್', ಹರಿತ ಮಾಡು ಅಂತ. ತೇಜಸ್ಸಿಗೂ ಅದೇ ಬೇರು. ಉತ್ತೇಜನ ಅಂದರೆ ಸಾಣೆ ಹಿಡಿಯುವ ಕೆಲಸ, ಇಲ್ಲಿ ಕೊಳ್ಳುವವನ ಆಸೆಗೆ. ಸಾಣೆ ಹಿಡಿದರೆ ಕತ್ತಿ ಹರಿತವಾಗುತ್ತದೆ, ಅಗ್ಗವಾಗುವುದಿಲ್ಲ. ಇನ್ನು ಸಬ್ಸಿಡಿಯ ಮೂಲವಾದ ಲ್ಯಾಟಿನ್ 'ಸಬ್ಸಿಡಿಯಮ್' ಅಂದರೆ ಯುದ್ಧದಲ್ಲಿ ಹಿಂದಿನ ಸಾಲಿನಲ್ಲಿ ಕಾಯುವ ಮೀಸಲು ಪಡೆ. ಉತ್ತೇಜನ ಕೊಳ್ಳುವವನ ಎದುರು ನಿಂತು ಮಾಡುವ ಕೆಲಸ, ಸಬ್ಸಿಡಿ ಮಾರುವವನ ಬೆನ್ನ ಹಿಂದಿನದು.

ಇದು ನನ್ನೊಬ್ಬನ ತಕರಾರಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ 1995ರಿಂದ ಜಾರಿಯಲ್ಲಿದೆ. ಮಾರುಕಟ್ಟೆ ಮಾಹಿತಿ, ಸಲಹೆ, ಪ್ರಚಾರ ಇವಕ್ಕೆ ಸರ್ಕಾರ ಖರ್ಚು ಮಾಡಬಹುದು ಅನ್ನುತ್ತದೆ ಅದು. ಆದರೆ ಮಾರುವವನು ಬೆಲೆ ಇಳಿಸಿಕೊಳ್ಳಲು ಬಳಸಬಹುದಾದ ದುಡ್ಡು ಆ ಲೆಕ್ಕಕ್ಕೆ ಬರುವುದಿಲ್ಲ. 2015ರಲ್ಲಿ ನೈರೋಬಿಯಲ್ಲಿ ಸೇರಿದ ದೇಶಗಳು ಕೃಷಿ ರಫ್ತು ಸಬ್ಸಿಡಿಯನ್ನೇ ಕೊನೆಗಾಣಿಸಲು ಒಪ್ಪಿದವು. ಒಂದಕ್ಕೆ ಅನುಮತಿ, ಇನ್ನೊಂದಕ್ಕೆ ಅಂಕುಶ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಹೇಗೆ?

ಅಮೆರಿಕ ಎರಡನ್ನೂ ಮಾಡಿ ನೋಡಿದೆ. ಯುರೋಪಿನ ಸಬ್ಸಿಡಿ ಗೋಧಿಗೆ ಎದುರಾಗಿ 1985ರಲ್ಲಿ ತಾನೂ ಒಂದು ಸಬ್ಸಿಡಿ ಯೋಜನೆ ತಂದಿತು. ಆಯ್ದ ದೇಶಗಳಿಗೆ ಅಗ್ಗದ ಗೋಧಿ. 2008ರ ಕೃಷಿ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ಈಗ ಅದಕ್ಕಿಂತ ಹಳೆಯ ಕಥೆ ನೋಡಿ. 1956ರಲ್ಲಿ ಆರೆಗಾನ್ ರಾಜ್ಯದ ಗೋಧಿ ಬೆಳೆಗಾರರ ಸಂಘ ಜಪಾನಿನಲ್ಲಿ ಅಡುಗೆಮನೆ ಬಸ್ಸುಗಳನ್ನು ಓಡಿಸಲು ನೆರವಾಯಿತು. ಬಸ್ಸಿನಲ್ಲೇ ಒಲೆ, ಪಾತ್ರೆ. ಊರೂರಿಗೆ ಹೋಗಿ ಗೋಧಿ ಹಿಟ್ಟಿನ ಅಡುಗೆ ಮಾಡಿ ತೋರಿಸುವುದು. ಅನ್ನ ಉಣ್ಣುವವರಿಗೆ ಗೋಧಿ ರುಚಿ ಹತ್ತಿಸಿದ್ದು ಸರಿಯೇ ಅಂತ ಬೇಕಾದರೆ ಜಗಳ ಆಡಿ, ನಾನೂ ಬರುತ್ತೇನೆ. ಆದರೆ ಉತ್ತೇಜನ ಅಂದರೆ ಅದು.

ಇನ್ನೊಂದು ವಿಷಯ. ಗಿರಣಿಯವರ ಲೆಕ್ಕದಲ್ಲಿ 'ಗೋಧಿ' ಅನ್ನುವ ಒಂದೇ ವಸ್ತು ಇಲ್ಲ. ಬ್ರೆಡ್ಡಿಗೆ ಗಟ್ಟಿ ಕಾಳಿನದು, ಬಿಸ್ಕತ್ತು-ಕೇಕಿಗೆ ಮೆದು ಕಾಳಿನದು, ಪಾಸ್ತಾಗೆ ಡ್ಯೂರಮ್ ಎಂಬ ಇನ್ನೂ ಗಟ್ಟಿ ಜಾತಿಯದು. ಅಮೆರಿಕದವರು ಆರು ವರ್ಗ ಮಾಡಿ ಮಾರುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ನೂಡಲ್ಸ್ ಗೋಧಿಗೆ ಜಪಾನಿನ ಉಡೊನ್ ಎಂಬ ದಪ್ಪ ನೂಡಲ್ಸ್ ತಯಾರಕರಲ್ಲಿ ಬೇಡಿಕೆ ಇದೆ, ಅದೂ ಬಣ್ಣ ಮತ್ತು ಅಗಿಯುವಾಗಿನ ಹದಕ್ಕಾಗಿ.

ಗೋಧಿಯ ಇಂಥ ಗುಣಗಳನ್ನು ಅಳೆಯುವ ಪರೀಕ್ಷೆಗಳಿವೆ. ಒಂದು ನನಗೆ ಬಲು ಇಷ್ಟ, ಅದು 'ಫಾಲಿಂಗ್ ನಂಬರ್'. ಗಾಜಿನ ಕೊಳವೆಯಲ್ಲಿ 7 ಗ್ರಾಂ ಹಿಟ್ಟು, 25 ಮಿಲಿ ನೀರು. ಕುಲುಕಿ, ಕುದಿಯುವ ನೀರಿನಲ್ಲಿಟ್ಟು, ಒಳಗೊಂದು ಕಡ್ಡಿಯಿಂದ ಕಲಕಿ, ಆ ಕಡ್ಡಿಯನ್ನು ಮೇಲಿನಿಂದ ಬಿಡುತ್ತಾರೆ. ಗಂಜಿಯೊಳಗೆ ಅದು ಇಳಿಯಲು ಎಷ್ಟು ಸೆಕೆಂಡು? ಕಲಕಿದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ತೆನೆಯಲ್ಲೇ ಕಾಳು ಮೊಳೆತಿದ್ದರೆ ಪಿಷ್ಟ ಒಡೆದು ಗಂಜಿ ನೀರಾಗುತ್ತದೆ, ಕಡ್ಡಿ ಸರ್‍ರನೆ ಇಳಿಯುತ್ತದೆ. 300 ಸೆಕೆಂಡು ದಾಟಿದರೆ ಗಿರಣಿಯವನಿಗೆ ನೆಮ್ಮದಿ. ತೀರಾ ಕಡಿಮೆಯಾದರೆ ಬ್ರೆಡ್ಡಿನ ತಿರುಳು ಅಂಟಂಟಾಗಿ, ಕತ್ತರಿಸುವ ಅಲಗಿಗೆ ಮೆತ್ತಿಕೊಳ್ಳುತ್ತದೆ. ಆ ಗಿರಣಿಯವನ ಪಕ್ಕ ಕೂತು, ನಿಮ್ಮ ಗೋಧಿಯ ಅಂಕಿ ತೋರಿಸಿ, ಇದಕ್ಕೆ ನಾಲ್ಕು ಕಾಸು ಜಾಸ್ತಿ ಯಾಕೆ ಕೊಡಬೇಕು ಅಂತ ಮನವರಿಕೆ ಮಾಡುವುದೇ ರಫ್ತು ಉತ್ತೇಜನ. ಕೆನಡಾದವರು 1972ರಲ್ಲಿ ವಿನ್ನಿಪೆಗ್‌ನಲ್ಲಿ ಒಂದು ಸಂಸ್ಥೆ ತೆರೆದು ಹೊರದೇಶದ ಗಿರಣಿಯವರನ್ನು ಕರೆಸಿ ತರಬೇತಿ ಕೊಡುತ್ತಾ ಬಂದರು.

ಬೆಲೆಯನ್ನೇ ನಂಬಿದರೆ ಏನಾಗುತ್ತದೆ? ಮಾರುಕಟ್ಟೆ ತಿರುಗುತ್ತಲೇ ಇರುತ್ತದೆ. 1972ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದಿಂದ ರಾಶಿ ರಾಶಿ ಗೋಧಿ ಕೊಂಡಿತ್ತು. ಇಂದು ಅತಿ ದೊಡ್ಡ ಗೋಧಿ ರಫ್ತುದಾರ ರಷ್ಯಾ. ಕಪ್ಪು ಸಮುದ್ರದಿಂದ ಈಜಿಪ್ಟಿಗೆ ಹಡಗು ಬಾಡಿಗೆ ಕಡಿಮೆ. ದೂರದ ದೇಶ ಅಲ್ಲಿ ಬೆಲೆಯ ಜಿದ್ದಿಗೆ ಬಿದ್ದರೆ ಸೋಲುವ ಸಂಭವವೇ ಜಾಸ್ತಿ. ಕೊಳ್ಳುವ ದೇಶದ ನಿಯಮ ತಿಳಿದು ಮಾತಾಡುವುದೂ ಉತ್ತೇಜನದೊಳಗೇ ಬರುತ್ತದೆ. 2016ರಲ್ಲಿ ಈಜಿಪ್ಟ್, ಕಾಳಿಗೆ ತಗಲುವ ಎರ್ಗಾಟ್ ಎಂಬ ವಿಷಕಾರಿ ಶಿಲೀಂಧ್ರ ಲವಲೇಶವೂ ಇರಕೂಡದು ಅಂದಿತು. ವರ್ತಕರು ಟೆಂಡರಿನಿಂದ ದೂರ ಉಳಿದರು. ಕೊನೆಗೆ ಹಳೆಯ ಶೇ 0.05ರ ಮಿತಿಗೇ ಮರಳಬೇಕಾಯಿತು.

ಭಾರತದ್ದು ಒಂದು ಉದಾಹರಣೆ ಹೇಳಿ ಬಿಡುತ್ತೇನೆ. 2022ರ ಮೇ 12ರಂದು, ಗೋಧಿ ರಫ್ತು ಹೆಚ್ಚಿಸಲು ಒಂಬತ್ತು ದೇಶಗಳಿಗೆ ವ್ಯಾಪಾರ ನಿಯೋಗ ಕಳಿಸುತ್ತೇವೆ ಎಂದು ಸರ್ಕಾರ ಪ್ರಕಟಿಸಿತು. ಪದ ಸರಿಯಾಗಿ ಹೊಂದುವ ಕೆಲಸ ಅದು. ಮೇ 13ರಂದು ಗೋಧಿ ರಫ್ತು ನಿಷೇಧದ ಅಧಿಸೂಚನೆ ಬಂತು. ಬಿಸಿಲಿಗೆ ಕಾಳು ಸೊರಗಿತ್ತು, ಒಳಗೆ ಬೆಲೆ ಏರಿತ್ತು, ಕಾರಣ ಇತ್ತು. ಆದರೆ ಅಂಥ ನಿಷೇಧ ಹೋದರೆ ಅದನ್ನು ಉತ್ತೇಜನ ಅನ್ನಬೇಡಿ. 'ನಿಷೇಧ ತೆರವು' ಅನ್ನಿ. ಸುಂಕ ಇಳಿದರೆ 'ಸುಂಕ ಇಳಿಕೆ'. ತಲೆಬರಹದಲ್ಲಿ ಜಾಗವೇನೂ ಜಾಸ್ತಿ ಹಿಡಿಯುವುದಿಲ್ಲ.