‘ನಿಮ್ಮವರು’ ಅಲ್ಲ, ‘ನಿನ್ನ ಮನೆಯಲ್ಲಿ’

ಯಲ್ಲಾಪುರ ಕಡೆಯ ಒಂದು ಶಾಲೆಯಲ್ಲಿದ್ದಾಗ ನಾಲ್ಕನೇ ತರಗತಿಯ ಗೋಡೆಗೆ ಮೂರು ಚಿತ್ರ ಅಂಟಿಸಿದ್ದೆ. ಗುಡಿ, ಮಸೀದಿ, ಇಗರ್ಜಿ. "ನಿಮ್ಮ ನಿಮ್ಮ ಚಿತ್ರದ ಕೆಳಗೆ ಹೋಗಿ ನಿಂತ್ಕೊಳ್ಳಿ" ಎಂದೆ. ಮಕ್ಕಳು ಓಡಿದರು. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ಮಾತ್ರ ನಡುವೆಯೇ ನಿಂತಿದ್ದಳು.

"ಅಕ್ಕೋರೇ, ಅಪ್ಪನ ಮನೇಲಿ ಇಗರ್ಜಿಗೆ ಹೋಗ್ತಾರೆ. ಅಜ್ಜಿ ಮನೇಲಿ ಗುಡಿಗೆ ಹೋಗ್ತಾರೆ. ನಾನು ಎಲ್ಲಿ ನಿಲ್ಲಲಿ?"

ನಮ್ಮ ಜಿಲ್ಲೆಯ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಂದೇ ಬಳಗದಲ್ಲಿ ಎರಡು ಮೂರು ದಾರಿಯವರು ಇರುವುದೂ ಉಂಟು. ಇದು ನನಗೆ ಗೊತ್ತಿತ್ತು. ಚಿತ್ರ ಅಂಟಿಸುವಾಗ ನೆನಪಾಗಲಿಲ್ಲ. ಆ ಮಗುವನ್ನು ಎಲ್ಲರೆದುರು ಹಾಗೆ ನಿಲ್ಲಿಸಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವತ್ತಿನಿಂದ ಪ್ರಶ್ನೆಯನ್ನೇ ಬದಲಾಯಿಸಿದೆ. "ನಿಮ್ಮವರು ಏನು ಮಾಡ್ತಾರೆ?" ಎಂದು ಯಾವ ಮಗುವನ್ನೂ ಕೇಳುವುದಿಲ್ಲ. "ನಿನ್ನ ಮನೆಯಲ್ಲಿ ಏನು ಮಾಡ್ತೀರಿ?" ಎನ್ನುತ್ತೇನೆ. ಒಂಬತ್ತು ವರ್ಷದ ಮಗುವಿಗೆ ತನ್ನ ಮನೆ ಚೆನ್ನಾಗಿ ಗೊತ್ತು. ಇಡೀ ಧರ್ಮದ ಪರವಾಗಿ ಉತ್ತರ ಕೊಡು ಅಂದರೆ ಅದು ಪಾಪ ಏನು ಹೇಳೀತು?

ಶಿರಸಿಗೆ ಬಂದ ಮೇಲೆ ಒಬ್ಬ ಹುಡುಗನಿಗೆ "ರಂಜಾನ್ ಬಗ್ಗೆ ಹೇಳು" ಎಂದಿದ್ದೆ. ತಲೆ ತಗ್ಗಿಸಿ ಸುಮ್ನೆ ನಿಂತ. "ಈಗ ನಿಮ್ಮನೇಲಿ ಬೆಳಗ್ಗೆ ಮೊದಲು ಯಾರು ಏಳ್ತಾರೆ?" ಎಂದು ಕೇಳಿದ್ದೇ ತಡ, ಮಾತು ಹರಿಯಿತು. ಅಮ್ಮಿ ಕತ್ತಲಿರುವಾಗಲೇ ಏಳುತ್ತಾರೆ. ಇವನು ನಿದ್ದೆಗಣ್ಣಲ್ಲೇ ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ ಕೂರುತ್ತಾನೆ. ಒಂದು ಉಪವಾಸ ಪೂರ್ತಿ ಮಾಡಿದ್ದಾನೆ, ಇನ್ನೊಂದು ಮಧ್ಯಾಹ್ನಕ್ಕೇ ಮುರಿಯಿತು. ಪಕ್ಕದ ಹುಡುಗಿ ಕೂಡಲೇ, "ನನ್ನಜ್ಜಿನೂ ಏಕಾದಶಿಗೆ ಉಪವಾಸ. ಆದ್ರೆ ನೀರು ಕುಡೀತಾರೆ" ಎಂದಳು. "ನಾವು ನೀರೂ ಕುಡಿಯಲ್ಲ" ಎಂದ ಅವನು. ಯಾವುದು ಒಂದೇ ಥರ, ಯಾವುದು ಬೇರೆ ಎಂದು ಅವರವರೇ ಕಂಡುಕೊಂಡರು. ನಾನು ಬಾಯಿ ಹಾಕಲಿಲ್ಲ.

ಪಾಲಕರು ಕೆಲವೊಮ್ಮೆ ಕೇಳುತ್ತಾರೆ, ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಮಾತಾಡಬಹುದಾ ಅಂತ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರಬಾರದು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. ದೇಶದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಕೊಠಾರಿ ಆಯೋಗ 1964-66ರಲ್ಲೇ ಈ ಎರಡನ್ನೂ ಬೇರೆ ಮಾಡಿ ನೋಡಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗ್ಗೆ ಕಲಿಸುವುದಕ್ಕೆ ಅಡ್ಡಿಯಿಲ್ಲ ಎಂದಿತು. ತರಗತಿಯಲ್ಲಿ ಈ ಗೆರೆ ಇರುವುದು ನಮ್ಮ ನಾಲಿಗೆಯ ಮೇಲೆ. "ಹೀಗೆ ಮಾಡಿದರೆ ಪುಣ್ಯ ಬರುತ್ತದೆ" ಎಂದರೆ ಅದು ಬೋಧನೆ. "ಹೀಗೆ ಮಾಡಿದರೆ ಪುಣ್ಯ ಅಂತ ಅವರು ನಂಬುತ್ತಾರೆ" ಎಂದರೆ ತಿಳಿವಳಿಕೆ. ಹೊಸ ಶಿಕ್ಷಕರಿಗೆ ನಾನು ಮೊದಲು ಹೇಳುವುದೇ ಈ ‘ಅಂತ ನಂಬುತ್ತಾರೆ’.

ನಿಜವಾದ ಪರೀಕ್ಷೆ ಬಿಸಿಯೂಟದ ಹೊತ್ತಿಗೆ. ಮೊಟ್ಟೆ ಕೊಡುವ ದಿನ ತಿನ್ನದವರಿಗೆ ಬಾಳೆಹಣ್ಣು ಇರುತ್ತದೆ. ತಟ್ಟೆ ಹಿಡಿದು ಸಾಲಲ್ಲಿ ಕೂತಾಗ ಯಾರೋ ಮೂಗು ಮುಚ್ಚುತ್ತಾರೆ, ಯಾರೋ "ಛೀ" ಎನ್ನುತ್ತಾರೆ. ಹಿಂದೆ ಕಾರವಾರದಲ್ಲಿದ್ದಾಗ ಒಬ್ಬಳು ಮನೆಯಿಂದ ತಂದ ಒಣಮೀನಿನ ಚಟ್ನಿಯನ್ನು ಡಬ್ಬಿಯ ಮುಚ್ಚಳದ ಮರೆಯಲ್ಲೇ ತಿನ್ನುತ್ತಿದ್ದಳು. ಕಲಸಿದ ಅನ್ನ ಕಾಣದ ಹಾಗೆ ಎಡಗೈ ಅಡ್ಡ. ಯಾರೋ ಹಿಂದಿನ ವಾರ ನಕ್ಕಿದ್ದರಂತೆ. ಹಾಗಾಗಿ ನನ್ನ ತರಗತಿಯಲ್ಲಿ ಒಂದು ನಿಯಮ ಗಟ್ಟಿ: "ನನಗೆ ಬೇಡ" ಅನ್ನಬಹುದು, "ಛೀ" ಅನ್ನುವ ಹಾಗಿಲ್ಲ. ತಿನ್ನುವವರಿಗೂ ಇದೇ ನಿಯಮ. ತಿನ್ನದವನ ತಟ್ಟೆಗೆ ತಮಾಷೆಗೂ ಮೊಟ್ಟೆ ಹಾಕುವಂತಿಲ್ಲ.

ಇನ್ನೊಂದು ಮಾತು. "ಎಲ್ಲ ದೇವರೂ ಒಂದೇ" ಎಂಬ ವಾಕ್ಯವನ್ನು ನಾನು ತರಗತಿಯಲ್ಲಿ ಬಿಟ್ಟಿದ್ದೇನೆ. ಹೇಳಲು ಸುಲಭ, ಕೇಳಲು ಹಿತ. ಆದರೆ ಎಷ್ಟೋ ಮನೆಗಳಲ್ಲಿ ಹಾಗೆ ಹೇಳುವುದಿಲ್ಲ. ಆಗ ಮಗು ಮನೆಯನ್ನು ನಂಬಬೇಕೋ ಅಕ್ಕೋರನ್ನೋ? "ನಮ್ಮ ದೇವರೇ ದೊಡ್ಡವರು" ಎಂದು ಇಬ್ಬರು ಜಗಳ ಆಡಿದರೆ ನಾನು ತೀರ್ಪು ಕೊಡುವುದಿಲ್ಲ. "ನೀನು ಹಾಗೆ ನಂಬ್ತೀಯ, ಅವನು ಬೇರೆ ನಂಬ್ತಾನೆ. ನಾಳೆನೂ ಇಬ್ಬರೂ ಇದೇ ಬೆಂಚಲ್ಲಿ ಕೂರ್ತೀರಿ, ಅಲ್ವಾ?" ಎನ್ನುತ್ತೇನೆ. ಅಷ್ಟು ಸಾಕಾಗುತ್ತದೆ.

ಪ್ರವಾಸಕ್ಕೆ ನಮಗೆ ದೂರ ಹೋಗಬೇಕಿಲ್ಲ. ಸೋಂದಾ ಸುತ್ತಮುತ್ತಲೇ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಸ್ವಾದಿ ಜೈನ ಮಠ ಮೂರೂ ಇವೆ. ಮುಂಡಗೋಡಿನಲ್ಲಿ ಟಿಬೆಟನ್ನರ ಬೌದ್ಧ ವಿಹಾರಗಳಿವೆ. ಹೊರಡುವ ಮುಂಚೆ ಮನೆಗೆ ಚೀಟಿ ಕಳಿಸಿ ಒಪ್ಪಿಗೆ ಕೇಳುತ್ತೇನೆ. ಚಪ್ಪಲಿ ಹೊರಗೆ, ಮಾತು ಮೆಲ್ಲಗೆ, ಇದು ಎಲ್ಲರಿಗೂ. ಕೈ ಮುಗಿಯುವುದು, ತೀರ್ಥ ತೆಗೆದುಕೊಳ್ಳುವುದು ಅವರವರಿಗೆ ಬಿಟ್ಟಿದ್ದು.

ಮುಂಡಗೋಡಿಗೆ ಹೋದಾಗ ಒಬ್ಬ ಹುಡುಗನ ತಾಯಿ, ಬರಲಿ, ಆದರೆ ಒಳಗೆ ಹೋಗುವುದು ಬೇಡ ಎಂದು ಬರೆದಿದ್ದರು. ಅವನು ನನ್ನ ಜೊತೆ ಮೆಟ್ಟಿಲ ಮೇಲೆ ಕೂತು ಬಾಗಿಲಿನ ಚಿತ್ರ ಬರೆಯುತ್ತಿದ್ದ. ಒಳಗಿಂದ ಬಂದವರೆಲ್ಲ ಅವನನ್ನು ಸುತ್ತುವರಿದು ಬೆಣ್ಣೆ ದೀಪದ ಸುದ್ದಿಯನ್ನು ಒಟ್ಟಿಗೇ ಹೇಳತೊಡಗಿದರು. ಅವನು ಪೆನ್ಸಿಲ್ ಎತ್ತಿ ಕೇಳಿದ: "ನಿಲ್ರೋ, ಒಬ್ಬೊಬ್ಬರೇ ಹೇಳಿ. ಒಂದು ಸಾಲಲ್ಲಿ ಎಷ್ಟು ದೀಪ ಇತ್ತು?"