ಬಳ್ಳಾರಿ ಮಾದರಿ ದೇಶಕ್ಕೆ ಹೋಯಿತು, ದುಡ್ಡು ಮಾತ್ರ ಪ್ರಾಜೆಕ್ಟ್ ಲೆಕ್ಕದಲ್ಲೇ ಉಳಿಯಿತು

1970ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ತೆರೆಯಿತು. ಮನೋವೈದ್ಯರೇ ಇಲ್ಲದ ಊರಲ್ಲಿ, ಇದ್ದ ಪಿಎಚ್‌ಸಿ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಂದಲೇ ಸ್ಕಿಜೋಫ್ರೀನಿಯಾ, ಖಿನ್ನತೆ, ಮೂರ್ಛೆರೋಗಕ್ಕೆ ಚಿಕಿತ್ಸೆ ಕೊಡಿಸಲು ಆದೀತೇ ಎಂದು ನೋಡುವುದು ಅದರ ಕೆಲಸ. ಆಗುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಇಡೀ ಜಿಲ್ಲೆಗೆ ಹರಡಿ ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1981ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 15 ಲಕ್ಷ ಜನ.

1980ರ ದಶಕದ ಎರಡನೇ ಅರ್ಧದಲ್ಲಿ ನಡೆದ ಆ ಪ್ರಯೋಗದಲ್ಲಿ ಆಡಂಬರ ಇರಲಿಲ್ಲ. ಡಾಕ್ಟರುಗಳಿಗೂ ಕಾರ್ಯಕರ್ತರಿಗೂ ಚಿಕ್ಕ ತರಬೇತಿ, ಬೆರಳೆಣಿಕೆಯ ಅಗ್ಗದ ಔಷಧಿ, ಒಂದು ಸರಳ ದಾಖಲೆ ಪುಸ್ತಕ, ಜಿಲ್ಲಾ ಮಟ್ಟದಲ್ಲಿ ನಿಯಮಿತ ಪರಿಶೀಲನೆ, ಇಷ್ಟೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಅಂದರೆ ಡಿಎಂಎಚ್‌ಪಿ, ಹುಟ್ಟಿದ್ದು ಇದರಿಂದಲೇ. 1996ರಲ್ಲಿ ಅದು ಶುರುವಾದ ಮೊದಲ ನಾಲ್ಕು ಜಿಲ್ಲೆಗಳು ಆಂಧ್ರ, ಅಸ್ಸಾಂ, ರಾಜಸ್ಥಾನ, ತಮಿಳುನಾಡಿನವು. ಮಾದರಿ ಕೊಟ್ಟ ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ.

ಹಣದ ಕತೆ ಇನ್ನೂ ಹಿಂದಿನದು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿದ್ದು 1982ರ ಆಗಸ್ಟ್‌ನಲ್ಲಿ. ಏಳನೇ ಪಂಚವಾರ್ಷಿಕ ಯೋಜನೆ ಅದಕ್ಕೆ ಇಟ್ಟದ್ದು ಇಡೀ ದೇಶಕ್ಕೆ, ಐದು ವರ್ಷಕ್ಕೆ, 1 ಕೋಟಿ ರೂಪಾಯಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು, ಸರ್ಕಾರಗಳು ಎಚ್ಚೆತ್ತವು.

ಇಂದಿನ ತೊಡಕು ಹಣ ಕಡಿಮೆ ಎಂಬುದಷ್ಟೇ ಅಲ್ಲ, ಅದು ಬರುವ ದಾರಿಯೂ ಹೌದು. ಕೇಂದ್ರದ 2023-24ರ ಬಜೆಟ್ಟಿನಲ್ಲಿ ನಿಮ್ಹಾನ್ಸ್‌ಗೆ ಸುಮಾರು 721 ಕೋಟಿ, ಫೋನಿನಲ್ಲಿ ಮಾನಸಿಕ ನೆರವು ಕೊಡುವ ಟೆಲಿ-ಮಾನಸ್ ಕಾರ್ಯಕ್ರಮಕ್ಕೆ ಸುಮಾರು 134 ಕೋಟಿ ಎಂದು ಕಣ್ಣಿಗೆ ಕಾಣುತ್ತದೆ. ಡಿಎಂಎಚ್‌ಪಿ ಹಣ ಮಾತ್ರ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಸಾಂಕ್ರಾಮಿಕ ರೋಗಗಳ ನಿಧಿಯೊಳಗೆ ಕರಗಿಹೋಗಿರುತ್ತದೆ. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಒಂದು ಜಿಲ್ಲೆಗೆ ವರ್ಷಕ್ಕೆ ಗರಿಷ್ಠ 83.2 ಲಕ್ಷ ರೂಪಾಯಿ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸುಗಳ ಸಂಬಳ, ಔಷಧಿ, ತರಬೇತಿ, ಪ್ರಚಾರ, ಓಡಾಟ, ಎಲ್ಲವೂ ಇದರಲ್ಲೇ ಆಗಬೇಕು.

2011ರ ಜನಗಣತಿ ಹಿಡಿದು ಈ ಮಿತಿಯನ್ನು ಭಾಗಿಸಿ ನೋಡಿ. 5.5 ಲಕ್ಷ ಜನರ ಕೊಡಗಿನಲ್ಲಿ ತಲೆಗೆ 15 ರೂಪಾಯಿ, 47.8 ಲಕ್ಷದ ಬೆಳಗಾವಿಯಲ್ಲಿ 1 ರೂಪಾಯಿ 74 ಪೈಸೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಒಂದು ರೂಪಾಯಿಯೂ ಬೀಳುವುದಿಲ್ಲ. ಜಿಲ್ಲೆಯನ್ನು ಘಟಕ ಮಾಡಿಕೊಂಡ ಲೆಕ್ಕದ ಫಲ ಇದು.

ಕರ್ನಾಟಕ ಕೈಕಟ್ಟಿ ಕೂತಿಲ್ಲ, ಇದನ್ನು ಒಪ್ಪಲೇಬೇಕು. ಡಿಎಂಎಚ್‌ಪಿ ಎಲ್ಲ ಜಿಲ್ಲೆಗೂ ಮುಟ್ಟಿದೆ. 2014ರ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಚೇತರಿಸಿಕೊಂಡವರ ಹಗಲು ಪುನರ್ವಸತಿಗೆ ಮಾನಸಧಾರ ಕೇಂದ್ರಗಳಿವೆ. ಆದರೆ ಒಂದು ಆಸ್ಪತ್ರೆಗೆ ತಿಂಗಳಿಗೊಂದೇ ಮಂಗಳವಾರ ಸಿಕ್ಕರೆ, ಅದೊಂದು ತಪ್ಪಿದರೂ ಎರಡು ಭೇಟಿಗಳ ನಡುವೆ ಎರಡು ತಿಂಗಳಾಗುತ್ತದೆ. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಫ್ಲೂಫೆನಜಿನ್ ಡೆಕನೋಯೇಟ್ ಚುಚ್ಚುಮದ್ದು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೀಳಬೇಕು. ಅಷ್ಟು ಅಂತರ ಬಿದ್ದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು.

ಔಷಧಿ ಇಂಡೆಂಟಿನಲ್ಲೂ ಒಂದು ಬಲೆಯಿದೆ. ಹೋದ ವರ್ಷದ ಬಳಕೆ ನೋಡಿ ಈ ವರ್ಷದ ಬೇಡಿಕೆ ಬರೆಯುತ್ತಾರೆ. ಹೋದ ವರ್ಷ ಮೂರು ತಿಂಗಳು ದಾಸ್ತಾನೇ ಇಲ್ಲದಿದ್ದರೆ ಬಳಕೆ ಕಡಿಮೆ ಎಂದು ದಾಖಲಾಗಿ, ಈ ಸಲದ ಬೇಡಿಕೆಯೂ ಕುಗ್ಗುತ್ತದೆ. ಹುದ್ದೆಗಳದ್ದೂ ಇದೇ ಪಾಡು: ಗುತ್ತಿಗೆ ಮನೋವೈದ್ಯರು ಬಿಟ್ಟುಹೋದರೆ ಸಂಬಳದ ಹಣ ಖರ್ಚಾಗದೆ ಉಳಿಯುತ್ತದೆ, ಉಳಿದದ್ದನ್ನು ತೋರಿಸಿ ಮುಂದಿನ ಮಂಜೂರಾತಿ ಕತ್ತರಿಸುತ್ತಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಮಾನಸಿಕ ಕಾಯಿಲೆಯಿದೆ. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. (ಸಮೀಕ್ಷೆ ಮಾಡಿದ್ದು ನಿಮ್ಹಾನ್ಸ್, ಆದರೆ ಅದರ 12 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ.) ಹಣ ಉಳಿಯಿತು ಎಂದರೆ ಅಗತ್ಯವಿರಲಿಲ್ಲ ಎಂದಲ್ಲ.

ಆದ್ದರಿಂದ ರಾಜ್ಯವನ್ನು ಕೇಳಬೇಕಾದದ್ದು ಬರೀ ಹೆಚ್ಚು ಕೋಟಿಗಳನ್ನಲ್ಲ. ಜನಸಂಖ್ಯೆಗೆ ತಕ್ಕ ಹಂಚಿಕೆ, ರಾಜ್ಯದ್ದೇ ಬಜೆಟ್ ಲೆಕ್ಕಶೀರ್ಷಿಕೆಯಡಿ ಕಾಯಂ ಹುದ್ದೆ, ಮೂರು ತಿಂಗಳಿಗಾಗುವಷ್ಟು ಔಷಧಿಯ ಮೀಸಲು ದಾಸ್ತಾನು, ಮನೆಭೇಟಿಗೆ ವಾಹನ ಮತ್ತು ಇಂಧನದ ಹಣ. ಕಾನೂನಿನ ಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಕನಿಷ್ಠ ಸರ್ಕಾರಿ ಸೇವೆ ಜಿಲ್ಲೆಯಲ್ಲಿ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸಬೇಕು. ಜನಸಂಖ್ಯೆಗೆ ಬೇಕಾದಷ್ಟು ತಜ್ಞರನ್ನು ಒದಗಿಸುವ ಪ್ರಯತ್ನಕ್ಕೆ 31ನೇ ಸೆಕ್ಷನ್ ಕೊಟ್ಟ ಗಡುವು ಹತ್ತು ವರ್ಷ. ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ.

ಬೇಡಿಕೆ ಜಿಲ್ಲಾ ಆರೋಗ್ಯ ಕ್ರಿಯಾಯೋಜನೆ ಬರೆಯುವ ಹೊತ್ತಿಗೇ ತಲುಪಬೇಕು, ಬಜೆಟ್ ಮಂಡನೆಯಾದ ಮೇಲೆ ಕೊಟ್ಟ ಮನವಿಗೆ ತೂಕವಿರದು. ಅದಕ್ಕೂ ಮೊದಲು ಜಿಲ್ಲೆಯ ಡಿಎಂಎಚ್‌ಪಿಗೆ ಮಂಜೂರಾದ, ಬಿಡುಗಡೆಯಾದ, ಖರ್ಚಾದ ಹಣ, ಖಾಲಿ ಹುದ್ದೆ, ಔಷಧಿ ಇಲ್ಲದ ದಿನಗಳ ಲೆಕ್ಕ ಕೈಯಲ್ಲಿರಲಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹಾಗಾಗಿ ಹಣಕ್ಕೊಂದು, ಹುದ್ದೆಗೊಂದು, ಔಷಧಿಗೊಂದು ಎಂದು ಮೂರು ಅರ್ಜಿ ಹಾಕಿ.